ಕಂಟ್ರೋಲ್ ಹದಿನೇಳು

‘ಇವರಿಬ್ಬರೂ ಒಡಹುಟ್ಟಿದವರು ಮೇಡಂ’ ಎಂದು ಲೆಕ್ಕದವಳು ಹೇಳಿದಾಗ ಅವಳು ಕನ್ನಡಕ ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸಲಿಲ್ಲ. ಒಂದು ಗಾಜು ಮುಗಿಯಿತು, ಇನ್ನೊಂದು ಮುಗಿಯಿತು, ಮತ್ತೆ ಮೊದಲನೆಯದಕ್ಕೇ ಬಂದಳು. ಕನ್ನಡಕವಿಲ್ಲದ ಕಣ್ಣಿಗೆ ಎದುರು ನಿಂತವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ; ತನಗೆ ಅವಳು ಕಾಣದಿದ್ದರೆ ಅವಳಿಗೂ ತಾನು ಕಾಣುವುದಿಲ್ಲವೇನೋ ಎಂಬ ಮಕ್ಕಳ ಲೆಕ್ಕದಲ್ಲಿ ಸ್ವಲ್ಪ ಹೊತ್ತು ಹಾಗೇ ಕೂತಳು. ಪ್ರಯೋಗಾಲಯದ ಸಂಖ್ಯೆಗಳನ್ನೆಲ್ಲ ನೋಡಿಕೊಳ್ಳುವ ಈ ಹೆಂಗಸಿಗೆ ಎಲ್ಲರೂ ಬೆನ್ನ ಹಿಂದೆ ಲೆಕ್ಕದವಳು ಎನ್ನುತ್ತಿದ್ದರು. ಬೆನ್ನ ಹಿಂದಿನ ಹೆಸರು ತನಗೂ ಒಂದಿದೆ, ಗುರುತಿನಮ್ಮ ಎಂದು, ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳಂತೆ ಇದ್ದುಬಿಟ್ಟಿದ್ದಳು. ಲೆಕ್ಕದವಳು ಪರದೆಯ ಮೇಲೆ ಎರಡು ಸಾಲುಗಳನ್ನು ಬೆರಳಿಟ್ಟು ತೋರಿಸಿದಳು: ರೋಗಿ ಮೂವತ್ತೊಂದು, ಕಂಟ್ರೋಲ್ ಹದಿನೇಳು. ಒಂದೇ ತಾಯಿ, ಒಂದೇ ತಂದೆ, ಅನುಮಾನವೇ ಇಲ್ಲ ಅಂದಳು. ಕಂಟ್ರೋಲ್ ಅಂದರೆ ರೋಗಿಗಳ ಜೊತೆ ಹೋಲಿಸಿ ನೋಡಲಿಕ್ಕೆ ರಕ್ತ ಕೊಡುವ ಆರೋಗ್ಯವಂತರು. ಅವರಲ್ಲಿ ರೋಗಿಗಳ ಹತ್ತಿರದ ಸಂಬಂಧಿಕರು ಯಾರೂ ಇರಬಾರದು ಎಂಬ ನಿಯಮ ಆ ಕೋಣೆಯ ಮೇಜು ಕುರ್ಚಿಗಳಿಗೂ ಗೊತ್ತಿತ್ತು. ನಿಯಮ ಮಾಡಿದವಳು ಅವಳೇ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಮಾತು ಎಲ್ಲಿಂದಲೋ ನೆನಪಾಯಿತು, ನಗು ಬರಲಿಲ್ಲ; ಕನ್ನಡಕ ಹಾಕಿಕೊಂಡಳು.

ಹೇಗಾಗಿರಬಹುದು, ಎಂದು ಕೇಳಿದಳು. ತನ್ನ ಧ್ವನಿ ಎಂದಿನಂತೆಯೇ ಇದ್ದದ್ದು ಅವಳಿಗೆ ಅಸಹ್ಯವಾಯಿತು. ಯಾರೋ ಸುಳ್ಳು ಹೇಳಿ ಸೇರಿಕೊಂಡಿರಬೇಕು, ಕಂಟ್ರೋಲ್‌ಗಳ ಹೆಸರನ್ನು ನಾವು ಇಟ್ಟುಕೊಳ್ಳುವುದಿಲ್ಲವಲ್ಲ, ರಕ್ತ ತೆಗೆದ ಸಿಸ್ಟರ್‌ಗೆ ನೆನಪಿರಬಹುದು, ಮಧ್ಯಾಹ್ನದ ಪಾಳಿಗೆ ಬರುತ್ತಾರಂತೆ, ಬಂದ ಕೂಡಲೇ ಮೇಲೆ ಬರಲು ಹೇಳಿದ್ದೇನೆ, ಎಂದಳು ಲೆಕ್ಕದವಳು. ಆಮೇಲೆ ಹೋಗಲು ತಿರುಗಿದವಳು ಬಾಗಿಲ ಬಳಿ ನಿಂತು ಇನ್ನೊಂದು ಮಾತು ಹೇಳಿದಳು. ಅದೇ ನಿಜವಾದ ಮಾತು. ಇಷ್ಟು ಹೊತ್ತು ಹೇಳಿದ್ದು ಅದಕ್ಕೆ ಪೀಠಿಕೆ.

‘ಹದಿನೇಳರಲ್ಲೂ ಆ ಗುರುತು ಇದೆ ಮೇಡಂ. ರೋಗಿಗಳಲ್ಲಿ ಇರೋಷ್ಟೇ ದಟ್ಟವಾಗಿದೆ. ಇದನ್ನ ಒಳಗಿಟ್ಕೊಂಡ್ರೆ ನಮ್ಮ ಫಲಿತಾಂಶ ನಿಲ್ಲಲ್ಲ. ಬಿಟ್ರೆ ನಿಲ್ಲುತ್ತೆ. ಸಂಬಂಧಿಕರು ಅನ್ನೋ ಕಾರಣಕ್ಕೆ ಬಿಡಬಹುದು, ನಿಯಮ ಇದೆ. ಆದ್ರೆ ಆರೋಗ್ಯವಾಗಿರೋ ಒಬ್ಬರಲ್ಲಿ ಅದು ಯಾಕಿದೆ ಅಂತ ನಾವು ಕೇಳಬೇಕಲ್ವಾ?’

ಕೇಳಬೇಕು, ಎಂದಳು ಅವಳು. ಬಾಗಿಲು ಮುಚ್ಚಿಕೊಂಡಿತು. ಸಂಜೆಯೊಳಗೆ ಪ್ರಬಂಧ ಹೋಗಬೇಕಿತ್ತು. ನಿರ್ದೇಶಕರು ಎರಡು ಸಲ ನೆನಪಿಸಿದ್ದರು. ಅವಳು ಕುಪ್ಪಸದ ಎಡಗಡೆಯ ಉದ್ದ ತೋಳನ್ನು ಮೇಲೆ ಸರಿಸಿ ಮೊಣಕೈಯ ಒಳಭಾಗವನ್ನು ನೋಡಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸೂಜಿ ಚುಚ್ಚಿದ ಗುರುತು ಮಾಸಿ ವರ್ಷವೇ ಆಗಿದ್ದರೂ, ಯಾರಾದರೂ ನೋಡಿಬಿಟ್ಟಾರು ಎಂದು ತೋಳನ್ನು ಬೇಗ ಇಳಿಸಿ ಗುಂಡಿ ಹಾಕಿದಳು.

ಅದು ಆದದ್ದು ಎಷ್ಟು ಸಾಧಾರಣವಾಗಿ. ಕಂಟ್ರೋಲ್ ಆಗಿ ಬರುತ್ತೇನೆಂದು ಒಪ್ಪಿಕೊಂಡ ಹೆಂಗಸೊಬ್ಬಳು ಅಂದು ಬರಲಿಲ್ಲ. ಕೊಳವೆ ಸಿದ್ಧವಾಗಿತ್ತು, ಯಂತ್ರ ಸಿದ್ಧವಾಗಿತ್ತು, ರಕ್ತದ ಮಾದರಿಗಳನ್ನು ಹಾಕುವ ತಟ್ಟೆಯಲ್ಲಿ ಒಂದು ಗುಳಿ ಖಾಲಿ ಉಳಿದರೆ ಇಡೀ ಸರದಿ ಮುಂದಕ್ಕೆ ಹೋಗುತ್ತಿತ್ತು. ಇಂಥ ಹೊತ್ತಿನಲ್ಲಿ ಪ್ರಯೋಗಾಲಯದವರು ಯಾರಾದರೊಬ್ಬರು ತೋಳು ಮಡಚಿ ಕೂರುವುದು ಎಲ್ಲೆಲ್ಲಿಯೂ ಇದ್ದ ರೂಢಿ. ಯಾರೂ ಅದನ್ನು ತಪ್ಪೆಂದು ತಿಳಿದಿರಲಿಲ್ಲ, ಯಾರ ರಕ್ತ ಹೆಚ್ಚು ಕೆಂಪು ಎಂದು ತಮಾಷೆ ಮಾಡಿಕೊಳ್ಳುತ್ತಿದ್ದರು. ಅವಳು ಕೂತಳು. ಸಿಸ್ಟರ್ ರಬ್ಬರ್ ಪಟ್ಟಿ ಬಿಗಿದು, ಮುಷ್ಟಿ ಹಿಡಿಯಿರಿ ಮೇಡಂ, ಎಂದರು. ಮನೆಯಲ್ಲಿ ಯಾರಿಗಾದರೂ ಮಿದುಳಿನ ಕಾಯಿಲೆಯಿದೆಯೇ ಎಂದು ಪ್ರತಿಯೊಬ್ಬರನ್ನೂ ಕೇಳಬೇಕಿತ್ತು. ಕೇಳಬೇಕಾದವಳು ಅವಳೇ ಆಗಿದ್ದಳು. ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೂ ಇಲ್ಲ ಎಂದೇ ಉತ್ತರ ಬರುತ್ತಿತ್ತು. ಈ ಕೆಲಸಕ್ಕೆ ಸೇರಿದ ಮೊದಲಲ್ಲಿ ಟೀ ಕುಡಿಯುತ್ತಾ ಯಾರೋ ಅಕ್ಕತಂಗಿ ಅಣ್ಣತಮ್ಮ ಎಷ್ಟು ಜನ ಎಂದು ಕೇಳಿದ್ದರು, ನಾನೊಬ್ಬಳೇ ಎಂದಿದ್ದಳು. ಬಾಯಿಂದ ತಾನಾಗಿ ಬಿದ್ದ ಮಾತು. ಬಿದ್ದ ಮೇಲೆ ಅದನ್ನು ಎತ್ತಿಕೊಳ್ಳಲು ಆಗಲಿಲ್ಲ, ಆಮೇಲೆ ಅದರ ಮೇಲೆ ನಡೆದಾಡಿ ಅಭ್ಯಾಸವಾಯಿತು.

ಮೇಜಿನ ಮೇಲೆ ಪ್ರಬಂಧದ ಕೊನೆಯ ಪ್ರತಿ ಇತ್ತು. ಅದರಲ್ಲಿ ಹೇಳಿದ್ದು ಇಷ್ಟು. ಜೀನ್ ಎಂಬುದು ನಾಲ್ಕೇ ಅಕ್ಷರಗಳ ಉದ್ದನೆಯ ಬರಹ; ಹುಟ್ಟುವಾಗ ಹೇಗಿತ್ತೋ ಸಾಯುವತನಕ ಹಾಗೇ. ಆದರೆ ಬದುಕು ಆ ಅಕ್ಷರಗಳ ಮೇಲೆ ಅಲ್ಲಲ್ಲಿ ಒಂದು ಸಣ್ಣ ರಾಸಾಯನಿಕ ಗುರುತನ್ನು ಕೂರಿಸುತ್ತದೆ. ಗುರುತು ದಟ್ಟವಾಗಿ ಕೂತಲ್ಲಿ ಜೀನ್ ಬಾಯಿ ಮುಚ್ಚಿಕೊಳ್ಳುತ್ತದೆ. ಭಯವನ್ನು ಆಚೆ ತಳ್ಳಿ ಮನಸ್ಸನ್ನು ತಹಬಂದಿಗೆ ತರುವ ಒಂದು ಜೀನ್ ಇದೆ. ಇಲ್ಲದ ಧ್ವನಿಗಳು ಕೇಳಿಸುವ ಕಾಯಿಲೆಯವರಲ್ಲಿ ಅದು ಬಾಯಿ ಮುಚ್ಚಿಕೊಂಡಿದೆ. ಬದುಕಿರುವವರ ಮಿದುಳನ್ನು ತೆರೆದು ನೋಡುವಂತಿಲ್ಲವಾದ್ದರಿಂದ ರಕ್ತದಲ್ಲಿ ಅದರ ನೆರಳನ್ನು ನೋಡುವುದು. ಆ ರೋಗಿಗಳಲ್ಲಿ ಹೆಚ್ಚಿನವರು ಎಳೆಯ ಮಗುವಾಗಿದ್ದಾಗ ತಾಯಿ ಹತ್ತಿರ ಸೇರಿಸಿಕೊಳ್ಳದೆ ಹೋದವರು. ಆದ್ದರಿಂದ ಗುರುತು ಬಂದದ್ದು ಅಲ್ಲಿಂದ. ಈ ‘ಆದ್ದರಿಂದ’ಕ್ಕೆ ಅವಳ ಆಯುಸ್ಸಿನ ಒಳ್ಳೆಯ ಭಾಗ ಖರ್ಚಾಗಿತ್ತು. ಇಲಿಗಳಲ್ಲಿ ಅದನ್ನು ಮೊದಲೇ ನೋಡಿದ್ದಾಗಿತ್ತು: ಮರಿಗಳನ್ನು ನೆಕ್ಕಿ ನೆಕ್ಕಿ ಬೆಳೆಸುವ ತಾಯಿ, ಮರಿಗಳ ಕಡೆ ಬೆನ್ನು ಹಾಕಿ ಮೂಲೆಯಲ್ಲಿ ಕೂರುವ ತಾಯಿ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಎಲ್ಲ ಹೆತ್ತವರಿಗೂ ಅಲ್ಲ, ಎಂದು ಅವಳು ಭಾಷಣಗಳಲ್ಲಿ ಹೇಳುತ್ತಿದ್ದಳು. ಜನ ನಗುತ್ತಿದ್ದರು. ನಗು ನಿಲ್ಲುವವರೆಗೆ ಅವಳು ನೀರು ಕುಡಿಯುತ್ತಿದ್ದಳು.

ಬೆನ್ನು ಹಾಕಿ ಕೂರುವ ಇಲಿಯನ್ನು ಅವಳು ಮೊದಲ ಸಲ ನೋಡಿದ ದಿನ ಊಟ ಸೇರಲಿಲ್ಲ. ಅವಳ ಬಾಲ್ಯದ ಮನೆಯ ಗೋಡೆ ಹಸಿರಾಗಿತ್ತು, ಬಣ್ಣ ಒಂದು ಕಡೆ ಎದ್ದು ಚಕ್ಕೆಯಾಗಿತ್ತು, ಅಮ್ಮ ಅದರ ಕಡೆಗೆ ಮುಖ ಮಾಡಿ ಮಲಗಿದ್ದಳು. ತಮ್ಮ ಹುಟ್ಟಿದ ಮೇಲೆ ಅಮ್ಮ ಹಾಗೆ ಮಲಗಿದ್ದು ಕೆಲವು ತಿಂಗಳು. ಅವಳಿಗೆ ಆಗ ಎಂಟು ವರ್ಷ, ಆ ಕೆಲವು ತಿಂಗಳು ಅವಳ ಬಾಲ್ಯದಲ್ಲಿ ಉಳಿದಿದ್ದ ಎಲ್ಲವನ್ನೂ ತಿಂದುಹಾಕಿದವು. ಅಪ್ಪ ಬೆಳಿಗ್ಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ, ಬಂದು ಬಾಗಿಲಲ್ಲಿ ನಿಂತು ಅಮ್ಮನ ಬೆನ್ನು ನೋಡಿ ಅಂಗಳಕ್ಕೆ ಹೋಗುತ್ತಿದ್ದ. ಮಗು ಅಳುತ್ತಿತ್ತು. ಚಮಚದಲ್ಲಿ ಹಾಲು ಕುಡಿಸಲು ಪಕ್ಕದ ಮನೆಯ ಅಜ್ಜಿ ಹೇಳಿಕೊಟ್ಟಿದ್ದಳು, ಅರ್ಧ ಹಾಲು ಮಗುವಿನ ಕತ್ತಿಗೆ ಇಳಿಯುತ್ತಿತ್ತು, ಕತ್ತು ಹುಳಿ ವಾಸನೆ ಹೊಡೆಯುತ್ತಿತ್ತು. ಒಂದು ಮಧ್ಯಾಹ್ನ ಅವಳು ಮಗುವನ್ನು ತಂದು ಅಮ್ಮನ ಬೆನ್ನಿಗೆ ಒತ್ತಾಗಿ ಮಲಗಿಸಿ ಮಂಚದ ಕೆಳಗೆ ಬಗ್ಗಿ ಕಾದಳು, ಈಗ ತಿರುಗುತ್ತಾಳೆ, ಈಗ ತಿರುಗುತ್ತಾಳೆ ಎಂದು. ಬೆನ್ನು ಅಲುಗಲಿಲ್ಲ. ಅದೊಂದು ಕಾಯಿಲೆ, ಬಾಣಂತಿಯರಲ್ಲಿ ಬರುವಂಥದ್ದು, ಅದಕ್ಕೊಂದು ಹೆಸರಿದೆ, ಮಾತ್ರೆಯಿದೆ ಎಂಬುದನ್ನೆಲ್ಲ ಅವಳು ಮುಂದೆ ಓದಿ ತಿಳಿದುಕೊಂಡಳು, ಪಾಠ ಕೂಡ ಮಾಡಿದಳು. ತಿಳಿದದ್ದು ತಲೆಯಲ್ಲಿ ಉಳಿಯಿತು. ಮಂಚದ ಕೆಳಗೆ ಬಗ್ಗಿದ್ದ ಎಂಟು ವರ್ಷದವಳು ಅಮ್ಮನನ್ನು ಕ್ಷಮಿಸಲಿಲ್ಲ, ಬೆಳೆದ ಮೇಲೆಯೂ ಕ್ಷಮಿಸಲಿಲ್ಲ, ತಮ್ಮನಿಗೆ ಇಪ್ಪತ್ತರ ಹೊತ್ತಿಗೆ ಗೋಡೆಯೊಳಗಿಂದ ಯಾರೋ ಮಾತಾಡಲು ಶುರುಮಾಡಿದ ದಿನವಂತೂ ಅವಳಿಗೆ ಅನ್ನಿಸಿದ್ದು ಒಂದೇ: ನೋಡು, ನೀನು ನೋಡುತ್ತಾ ಮಲಗಿದ್ದ ಗೋಡೆ.

ಮೂರು ತಿಂಗಳ ಹಿಂದೆ ಪತ್ರಿಕೆಯಲ್ಲಿ ಅವಳ ಸಂದರ್ಶನ ಬಂತು, ತಾಯಿಯ ಮಡಿಲು ಮತ್ತು ಮಗುವಿನ ಮಿದುಳು ಎಂಬಂಥ ಯಾವುದೋ ತಲೆಬರಹದಲ್ಲಿ. ಆ ಭಾನುವಾರ ಅವಳು ಎಂದಿನಂತೆ ಅಮ್ಮನ ಮನೆಗೆ ಹೋದಾಗ ಪತ್ರಿಕೆ ಅಡುಗೆಮನೆಯ ಕಟ್ಟೆಯ ಮೇಲೆ ಮಡಚಿ ಕೂತಿತ್ತು. ಅಮ್ಮ ಪಾತ್ರೆ ತೊಳೆಯುತ್ತಾ, ತಿರುಗದೆ, ಒಂದೇ ಪ್ರಶ್ನೆ ಕೇಳಿದಳು: ನಾನು ಮಲಗಿದ್ದೆನಲ್ಲ, ಅದಾ? ಇಲ್ಲ ಎನ್ನಬಹುದಿತ್ತು. ನಿಜವಾಗಿ ಯಾರಿಗೂ ಗೊತ್ತಿಲ್ಲ ಎನ್ನಬಹುದಿತ್ತು, ಅದಾದರೂ ಸತ್ಯವಾಗುತ್ತಿತ್ತು. ಅವಳು, ಇರಬಹುದಮ್ಮ, ಎಂದಳು. ಅಷ್ಟು ಮೆಲ್ಲಗೆ, ಅಷ್ಟು ದಯೆಯಿಂದ ಎಂದಳು. ಅಮ್ಮ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಹಾಗಾದ್ರೆ ಸರಿ, ಎಂದು ಒಳಗೆ ಹೋದಳು. ಮನೆಗೆ ಹಿಂದಿರುಗುವ ದಾರಿಯಲ್ಲಿ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಿದ್ದಾಗ ಅವಳಿಗೆ ಒಳಗೆಲ್ಲೋ ಹಾಯೆನಿಸಿತ್ತು. ಈಗ, ಈ ಕುರ್ಚಿಯಲ್ಲಿ, ಅದು ಹಾಯಾಗಿತ್ತು ಎಂಬುದನ್ನು ಒಪ್ಪಿಕೊಂಡಳು. ಹಾಗೇ ಆಗಿರಲಿ ಎಂದು ಅವಳು ಬಯಸಿದ್ದಳು. ಬಯಸಿ ಬಯಸಿ ಅಷ್ಟು ವರ್ಷ ಕೆಲಸ ಮಾಡಿದ್ದಳು.

ಹಾಗಿದ್ದರೆ ನನ್ನ ಮೇಲೆ ಆ ಗುರುತನ್ನು ಕೂರಿಸಿದ್ದು ಯಾವ ಗೋಡೆ? ಊಟದ ಹೊತ್ತಿಗೆ ಇದೊಂದೇ ಪ್ರಶ್ನೆ ಉಳಿಯಿತು. ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ, ಬಡಿಸುವವನು ಎರಡು ಸಲ ಏನು ಬೇಕೆಂದು ಕೇಳಿದಾಗ, ಹಿಂದಿನವರು ಅಸಹನೆಯಿಂದ ಕಾಲು ಬದಲಿಸಿದಾಗ, ಅದೇ ಪ್ರಶ್ನೆ. ಅವಳು ಹುಟ್ಟಿದಾಗ ಅಮ್ಮ ಮಲಗಿರಲಿಲ್ಲ. ಅವಳನ್ನು ಸೊಂಟದಿಂದ ಇಳಿಸುತ್ತಲೇ ಇರಲಿಲ್ಲವಂತೆ, ನೆಲ ನೋಡದ ಮಗು ಎಂದು ನೆಂಟರು ಆಡಿಕೊಳ್ಳುತ್ತಿದ್ದರಂತೆ. ನೆಕ್ಕಿ ನೆಕ್ಕಿ ಬೆಳೆಸಿದ ಮರಿ ಅವಳು. ಅವಳಲ್ಲೂ ಅದೇ ಗುರುತು, ಅಷ್ಟೇ ದಟ್ಟ; ಅವಳಿಗೆ ಯಾವ ಧ್ವನಿಯೂ ಕೇಳಿಸುತ್ತಿರಲಿಲ್ಲ. ಕೇಳಿಸುತ್ತಿಲ್ಲ ತಾನೇ? ಫ್ರಿಜ್ಜಿನ ಗುಂಯ್ ಶಬ್ದ, ಯಾರೋ ಚಮಚ ಬೀಳಿಸಿದ್ದು, ಮೂಲೆಯ ಮೇಜಿನಲ್ಲಿ ಲೆಕ್ಕದವಳು ಒಬ್ಬಳೇ ಕೂತು ಏನೋ ಗುನುಗಿಕೊಳ್ಳುತ್ತಾ ತಿನ್ನುತ್ತಿರುವುದು. ತಮ್ಮನಿಗೆ ಕಾಯಿಲೆ ಬಂದ ವರ್ಷದಿಂದ ಅವಳು ತನ್ನ ಕಿವಿಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವಳಂತೆ ಕಾಯುತ್ತಾ ಬಂದಿದ್ದಳು. ತನಗೆ ಐವತ್ತೆರಡು ವರ್ಷವಾಯಿತು, ಇನ್ನು ಬರಲಾರದು. ಬರದಿದ್ದರೆ ಗುರುತಿಗೂ ಕಾಯಿಲೆಗೂ ತಾನು ಕಟ್ಟಿದ ಗಂಟು ಬಿಚ್ಚಿಹೋಯಿತು. ಗುರುತಿಗೂ ಗೋಡೆಗೂ ಕಟ್ಟಿದ್ದು ಮೊದಲೇ ಹೋಯಿತು. ಅಮ್ಮ ಏನೂ ಮಾಡಿರಲಿಲ್ಲ. ಇಷ್ಟನ್ನು ಬಾಯಿಬಿಟ್ಟು ಹೇಳಿದರೆ ಅಮ್ಮ ಉಳಿಯುತ್ತಾಳೆ, ತನ್ನ ಹೆಸರಿನ ಕೆಲಸವೆಲ್ಲ ನೀರಿನಲ್ಲಿ ಹೋಮ. ಸುಮ್ಮನಿದ್ದರೆ ಸಂಜೆ ಪ್ರಬಂಧ ಹೋಗುತ್ತದೆ, ನಿಯಮದ ಪ್ರಕಾರವೇ ಹೋಗುತ್ತದೆ, ಅಮ್ಮ ಮಾಡಿದ್ದು ಅಚ್ಚಾಗುತ್ತದೆ. ತಟ್ಟೆಯನ್ನು ಮುಟ್ಟದೆ ವಾಪಸ್ಸಿಟ್ಟು ಹೊರಬಂದಳು.

ಕಾರಿಡಾರಿನ ಕೊನೆಯ ಕಿಟಕಿಯಿಂದ ಗೇಟು ಕಾಣುತ್ತಿತ್ತು. ತಮ್ಮ ಒಮ್ಮೆ ಆ ಗೇಟಿಗೆ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಶೂ. ಕಾವಲಿನವನು ಫೋನು ಮಾಡಿ, ನಿಮ್ಮ ತಮ್ಮನಂತೆ ಮೇಡಂ, ಎಂದಾಗ ಅವಳು ಓಡಿಹೋಗಿದ್ದಳು. ಕಾವಲಿನವನು, ಇಬ್ಬರು ವಿದ್ಯಾರ್ಥಿಗಳು, ಸಾಮಾನು ಇಳಿಸುತ್ತಿದ್ದ ಒಬ್ಬ ಚಾಲಕ, ಎಲ್ಲರೂ ನೋಡುತ್ತಿದ್ದರು. ಇವರು ನಮ್ಮ ಅಧ್ಯಯನದ ರೋಗಿ, ಎಂದಳು ಅವಳು, ನಗುತ್ತಾ. ಕೆಲವು ರೋಗಿಗಳು ಹಾಗೆ ಹೇಳಿಕೊಳ್ಳುತ್ತಾರೆ ಎಂಬ ಅರ್ಥ ಆ ನಗುವಿನಲ್ಲಿತ್ತು. ತಮ್ಮ ಅವಳನ್ನು ನೋಡಿದ. ಅವನಿಗೆ ಎಲ್ಲವೂ ಅರ್ಥವಾಗುತ್ತದೆ, ಕಷ್ಟವಿರುವುದು ಅದರಲ್ಲೇ. ಹೌದು, ನಾನು ರೋಗಿ, ರಕ್ತ ಕೊಡಲಿಕ್ಕೆ ಬಂದಿದ್ದೇನೆ, ಎಂದು ಅವನೇ ಕಾವಲಿನವನಿಗೆ ವಿವರಿಸಿದ. ಅಕ್ಕನ ಮಾನ ಉಳಿಸಲು ಅವನಿಗೆ ಹೊಳೆದದ್ದು ಅದು. ಹಾಗೆ ಅಂದ ಮೇಲೆ ಒಳಗೆ ಕರೆದುಕೊಂಡು ಹೋಗಿ ಒಪ್ಪಿಗೆ ಪಡೆದು ರಕ್ತ ತೆಗೆಸದೆ ಬೇರೆ ದಾರಿಯಿರಲಿಲ್ಲ. ಅವನು ಮೂವತ್ತೊಂದನೆಯವನಾದ. ಹೋಗುವಾಗ, ಥ್ಯಾಂಕ್ಸ್ ಮೇಡಂ, ಎಂದ. ಅದನ್ನು ಅವನು ವ್ಯಂಗ್ಯವಾಗಿ ಹೇಳಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ನಿರ್ದೇಶಕರ ಕೋಣೆಗೆ ಕರೆ ಬಂದಾಗ ಅವಳು ಕೂದಲು ಸರಿಮಾಡಿಕೊಂಡಳು. ಒಳಗೆ ಲೆಕ್ಕದವಳು ಕಂಪ್ಯೂಟರನ್ನು ತೊಡೆಯ ಮೇಲಿಟ್ಟು ಕೂತಿದ್ದಳು. ನಿರ್ದೇಶಕರು ಒಳ್ಳೆಯ ಮನುಷ್ಯರು. ಎಲ್ಲರ ಒಳ್ಳೆಯದನ್ನೂ ಬಯಸುವವರು, ಸಂಸ್ಥೆಯ ಒಳ್ಳೆಯದನ್ನು ಸ್ವಲ್ಪ ಹೆಚ್ಚಾಗಿ. ಇದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದೇನಿದೆ ಎಂದರು ಅವರು. ನಿಯಮ ಮುರಿದು ಒಳಬಂದ ಮಾದರಿ, ಕಿತ್ತು ಹಾಕಿದರೆ ಆಯಿತು. ಯಾರು ಅಂತ ತಿಳಿದು ಒಂದು ಸಾಲು ಬರೆದು ಬಿಡಿ, ಐದು ಗಂಟೆಗೆ ಕಳಿಸೋಣ. ಲೆಕ್ಕದವಳು ಏನೋ ಹೇಳಲು ಹೊರಟು ಇವಳ ಕಡೆ ನೋಡಿದಳು, ನೀವು ಹೇಳಿ ಎನ್ನುವಂತೆ. ಇವಳು ಮೇಜಿನ ಗಾಜಿನ ಕೆಳಗಿದ್ದ ಯಾವುದೋ ಸಮ್ಮೇಳನದ ಫೋಟೋ ನೋಡುತ್ತಿದ್ದಳು. ಅದರಲ್ಲಿ ತಾನೂ ಇದ್ದಳು, ಎರಡನೆಯ ಸಾಲಿನಲ್ಲಿ. ಆಗ ಬಾಗಿಲು ತಟ್ಟಿ ಸಿಸ್ಟರ್ ಬಂದರು.

ಬಿಳಿ ಕೋಟು ಇನ್ನೂ ಕೈಯಲ್ಲೇ ಇತ್ತು, ಬಸ್ಸಿಳಿದು ನೇರ ಬಂದಿದ್ದರು. ಹದಿನೇಳನೆಯ ಕಂಟ್ರೋಲ್ ಯಾರೆಂದು ನೆನಪಿದೆಯೇ, ತಟ್ಟೆಯಲ್ಲಿ ಒಂದು ಗುಳಿ ಖಾಲಿಯಿದ್ದ ದಿನ, ಎಂದು ಲೆಕ್ಕದವಳು ವಿವರಿಸಿ ಕೇಳಿದಳು. ಸಿಸ್ಟರ್ ಇವಳ ಕಡೆ ನೋಡಲೇ ಇಲ್ಲ. ನೋಡದೇ ಇದ್ದದ್ದರಲ್ಲೇ ಅವರಿಗೆ ಎಲ್ಲ ನೆನಪಿದೆ ಎಂದು ಇವಳಿಗೆ ತಿಳಿಯಿತು. ಸೆರಗನ್ನು ಎಳೆದುಕೊಂಡಳು. ಸಿಸ್ಟರ್ ಕೋಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು.

‘ನನಗೆ ನೆನಪಿಲ್ಲ ಸರ್. ದಿನಕ್ಕೆ ಎಷ್ಟೋ ಜನ ಬರ್ತಾರೆ.’

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖ ಕೆಂಪಾಯಿತು. ನಿರ್ದೇಶಕರು, ಹೋಗಲಿ ಬಿಡಿ, ಎಂದರು. ಅಷ್ಟೇ ಸಾಕಿತ್ತು. ಕುತ್ತಿಗೆಗೆ ಬಂದದ್ದು ಕೂದಲೆಳೆಯಲ್ಲಿ ತಪ್ಪಿತ್ತು. ಇನ್ನು ಸುಮ್ಮನೆ ಕೂತಿದ್ದರೆ ಮಿಕ್ಕದ್ದೆಲ್ಲ ತಾನಾಗಿ ಆಗುತ್ತಿತ್ತು. ಆದರೆ ಅವಳಿಗೆ ಸಿಸ್ಟರ್ ಅವರ ಮುಖದಿಂದ ಕಣ್ಣು ಕೀಳಲಾಗಲಿಲ್ಲ. ಗೇಟಿನಲ್ಲಿ ನಿಂತು ನಾನು ರೋಗಿ ಎಂದವನು ಒಬ್ಬ, ಇಲ್ಲಿ ನಿಂತು ನೆನಪಿಲ್ಲ ಎಂದವರು ಒಬ್ಬರು. ತನಗಾಗಿ ಇನ್ನೂ ಎಷ್ಟು ಜನ ತಮ್ಮನ್ನು ಸಣ್ಣವರಾಗಿಸಿಕೊಳ್ಳಬೇಕು? ಸಿಟ್ಟು ಬಂತು, ಅವರ ಮೇಲೆ ಅಲ್ಲ.

‘ಅದು ನಾನು ಸರ್,’ ಎಂದಳು. ‘ಹದಿನೇಳು ನಾನು. ಮೂವತ್ತೊಂದು ನನ್ನ ತಮ್ಮ.’

ಸಿಸ್ಟರ್ ಸದ್ದಾಗದಂತೆ ಹೊರಗೆ ಹೋದರು. ನಿರ್ದೇಶಕರು ಕನಿಕರದಿಂದ ಮುಂದೆ ಬಾಗಿ, ನಮಗೆ ಗೊತ್ತೇ ಇರಲಿಲ್ಲವಲ್ಲ, ಒಬ್ಬರೇ ಎಷ್ಟು ಕಷ್ಟಪಟ್ಟಿರೋ, ಎಂದರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ, ಇದರಿಂದ ಕೆಲಸ ಇನ್ನೂ ಸುಲಭವಾಯಿತು, ನೀವೇ ಆದದ್ದರಿಂದ ಯಾರನ್ನೂ ಹುಡುಕಬೇಕಾಗಿಲ್ಲ, ಮಾದರಿ ಬಿಟ್ಟು ಕಳಿಸಿಬಿಡೋಣ, ವಿಷಯ ಈ ನಾಲ್ಕು ಗೋಡೆ ದಾಟುವುದಿಲ್ಲ, ಎಂದು ಧೈರ್ಯ ಹೇಳಿದರು. ಸತ್ಯ ಹೇಳಿದರೆ ಕೆಲಸ ಕೆಡುತ್ತದೆ ಎಂದು ಬೆಳಗಿನಿಂದ ಅವಳು ಹೆದರಿದ್ದಳು. ಸತ್ಯವನ್ನೂ ಮಡಚಿ ಅದೇ ಸುಳ್ಳಿನೊಳಗೆ ಇಡಬಹುದು ಎಂದು ಹೊಳೆದಿರಲಿಲ್ಲ. ಬಿಡುವುದು ಬೇಡ, ಎಂದಳು. ಇರಲಿ. ಒಂದೇ ಮನೆ, ಒಂದೇ ಗುರುತು, ಒಬ್ಬರಿಗೆ ಕಾಯಿಲೆ, ಒಬ್ಬರಿಗಿಲ್ಲ. ನಾವು ಬರೆದದ್ದು ತಪ್ಪು ಎಂದು ಹೇಳುವ ಒಂದೇ ಒಂದು ಮಾದರಿ ಇದು, ಇದನ್ನೇ ಆಚೆ ಹಾಕಿದರೆ ಹೇಗೆ? ಫಲಿತಾಂಶ ಬಿದ್ದುಹೋಗುತ್ತದೆ ಎಂದರು ನಿರ್ದೇಶಕರು, ಕನಿಕರ ಕಡಿಮೆಯಾದ ಧ್ವನಿಯಲ್ಲಿ. ಬೀಳಲಿ ಸರ್. ಅವರು ಎದ್ದು ಕಿಟಕಿಯ ಬಳಿ ಹೋಗಿ, ಇವತ್ತು ಕಳಿಸುವುದು ಬೇಡ, ರಾತ್ರಿ ನಿದ್ದೆ ಮಾಡಿ ಬನ್ನಿ, ನಾಳೆ ಮಾತಾಡೋಣ, ಎಂದರು. ಅವಳ ಕಡೆ ತಿರುಗಲಿಲ್ಲ. ಆ ಬೆನ್ನನ್ನು ನೋಡಿ ಅವಳಿಗೆ, ಎಷ್ಟೋ ಹೊತ್ತಿನ ಮೇಲೆ, ನಗು ಬಂತು.

ಲೆಕ್ಕದವಳು ಮೆಟ್ಟಿಲವರೆಗೂ ಜೊತೆಗೆ ಬಂದಳು. ಏನಾದರೂ ಹೇಳುತ್ತಾಳೆ, ನೀವು ಮಾಡಿದ್ದು ಸರಿ ಎಂದೋ ನಿಯಮ ಮುರಿಯಬಾರದಿತ್ತು ಎಂದೋ, ಎಂದು ಅವಳು ಮೈ ಬಿಗಿಹಿಡಿದು ನಡೆಯುತ್ತಿದ್ದಳು. ಲೆಕ್ಕದವಳು ತನ್ನ ಎಂದಿನ ಬರಡು ಧ್ವನಿಯಲ್ಲಿ, ಈಗ ಹೇಗಿದ್ದಾರೆ ನಿಮ್ಮ ತಮ್ಮ, ಎಂದಳು. ಈ ಕಟ್ಟಡದಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಕೇಳಲು ಅವಳು ಬಿಟ್ಟಿರಲಿಲ್ಲ. ಚೆನ್ನಾಗಿದ್ದಾನೆ ಎನ್ನಲು ಹೋಗಿ, ಅದು ನಿಜವೋ ಅಲ್ಲವೋ ತನಗೇ ಗೊತ್ತಿಲ್ಲ ಎಂದು ತಿಳಿದು, ನೋಡಿಕೊಂಡು ಬರುತ್ತೇನೆ, ಎಂದಳು.

ಬಸ್ಸಿನಲ್ಲಿ ನಿಂತೇ ಹೋದಳು. ಹೇಳಬೇಕಾದ ಮಾತನ್ನು ಹಿಂದುಮುಂದು ಮಾಡಿ ನೋಡಿದಳು. ಅಮ್ಮ, ನಾನು ಹೇಳಿದ್ದು ತಪ್ಪು. ಅಮ್ಮ, ಅದು ನಿನ್ನಿಂದ ಆದದ್ದಲ್ಲ. ಎಷ್ಟು ಚಿಕ್ಕ ಮಾತು, ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗುವುದರೊಳಗೆ ಮುಗಿಯುತ್ತಿತ್ತು, ಮತ್ತೆ ಮೊದಲಿಂದ ಹೇಳಿಕೊಳ್ಳುತ್ತಿದ್ದಳು. ಅಮ್ಮ ಅಳಬಹುದು. ಅಮ್ಮ ಸಿಟ್ಟಾಗಬಹುದು, ಮೂರು ತಿಂಗಳು ನನ್ನನ್ನು ಹೀಗೆ ಬೇಯಿಸಿದೆಯಲ್ಲೇ ಎನ್ನಬಹುದು, ಅನ್ನಲಿ, ಅನ್ನಿಸಿಕೊಳ್ಳಬೇಕು. ಕೆಲಸ ಹೋದರೂ ಚಿಂತೆಯಿಲ್ಲ, ಒಬ್ಬ ಮುದುಕಿಯ ತಲೆಯ ಮೇಲಿನ ಕಲ್ಲನ್ನು ಇಳಿಸಿ ಬರುತ್ತೇನೆ ಎಂದುಕೊಂಡಾಗ ತಾನು ತೀರಾ ಕೆಟ್ಟವಳಲ್ಲ ಎಂಬ ಭಾವನೆ ಮೆಲ್ಲಗೆ ತಲೆಯೆತ್ತಿತು. ಅದನ್ನು ಅವಳು ಹೊಡೆ ಹೊಡೆದು ಕೂರಿಸಿದಳು.

ಅಮ್ಮ ಮತ್ತು ತಮ್ಮ ಇದ್ದದ್ದು ಎರಡನೆಯ ಮಹಡಿಯ ಎರಡು ಕೋಣೆಗಳಲ್ಲಿ. ಅವಳು ಬರುವುದು ಭಾನುವಾರ ಬೆಳಿಗ್ಗೆ, ಫೋನು ಮಾಡಿ. ಇವತ್ತು ಸಂಜೆ, ಫೋನಿಲ್ಲದೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒಳಗೆ ದೀಪ ಹಾಕದ ಕೋಣೆಯಲ್ಲಿ ಅಮ್ಮ ಮಂಚದ ಮೇಲೆ ಕಾಲು ಮಡಚಿ ಕೂತಿದ್ದಳು, ತಮ್ಮ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ನಲವತ್ತನಾಲ್ಕರ ಗಂಡಸು, ಅರ್ಧ ನರೆತ ಗಡ್ಡ, ಪಾದಗಳು ಮಂಚ ದಾಟಿ ಹೊರಗೆ ಬಂದಿದ್ದವು. ಅಮ್ಮನ ಕೈ ಅವನ ಹಣೆಯಿಂದ ಹಿಂದಕ್ಕೆ, ಕತ್ತಿನವರೆಗೆ ಹೋಗುತ್ತಿತ್ತು, ಮತ್ತೆ ಹಣೆಗೆ ಬರುತ್ತಿತ್ತು. ಕೀಲುನೋವಿನ ಕೈ, ಪ್ರತಿ ಸಲ ಹಿಂದಕ್ಕೆ ಬರುವಾಗ ಅಮ್ಮ ತುಟಿ ಕಚ್ಚುತ್ತಿದ್ದಳು. ಅವಳನ್ನು ಕಂಡು ಇಬ್ಬರೂ ಸಿಕ್ಕಿಬಿದ್ದವರಂತೆ ನೋಡಿದರು. ಇವತ್ತು ಭಾನುವಾರ ಅಲ್ಲವಲ್ಲ ಅಕ್ಕ, ಎಂದ ತಮ್ಮ. ಏನಮ್ಮ ಇದು ಎಂದು ಅವಳು ಕೇಳಿದ್ದಕ್ಕೆ ಅಮ್ಮ, ಏನಿಲ್ಲ, ಸುಮ್ಮನೆ, ಎಂದಳು. ತಮ್ಮ, ಸುಮ್ಮನೆ ಅಲ್ಲ, ದಿನಾ ಸಂಜೆ ಮಾಡ್ತಾಳೆ, ಕೈ ನೋವು ಅಂದ್ರೂ ಬಿಡಲ್ಲ, ಎಂದು ದೂರು ಹೇಳಿದ. ದೂರಿನಲ್ಲಿ ಹೆಮ್ಮೆಯಿತ್ತು.

‘ನೀನೇ ಹೇಳಿದ್ದೆಯಲ್ಲೇ ಪೇಪರ್‌ನಲ್ಲಿ,’ ಎಂದಳು ಅಮ್ಮ. ‘ಅಕ್ಷರ ಅಳಿಸೋಕೆ ಆಗಲ್ಲ, ಗುರುತು ಅಳಿಸಬಹುದು ಅಂತ. ನೆಕ್ಕಿಸ್ಕೊಳ್ಳದ ಇಲಿ ಮರೀನ ಇನ್ನೊಂದು ತಾಯಿ ಹತ್ರ ಬಿಟ್ರೆ ಸರಿಹೋಗುತ್ತೆ ಅಂತ. ಇನ್ನೊಂದು ತಾಯೀನ ನಾನೆಲ್ಲಿಂದ ತರಲಿ? ನಾನೇ ಆಗೋಣ ಅಂದ್ಕೊಂಡೆ.’

ಇಲಿಗಳಲ್ಲಿ ಅದು ಆಗುವುದು ಹುಟ್ಟಿದ ಮೊದಲ ವಾರದಲ್ಲಿ ಮಾತ್ರ. ಅವಳು ಅದನ್ನೂ ಹೇಳಿದ್ದಳು, ಪತ್ರಿಕೆಯವರು ಜಾಗ ಸಾಲದೆ ಬಿಟ್ಟಿದ್ದರು. ಬಿಟ್ಟದ್ದನ್ನು ನೋಡಿ ಅವಳು ಸುಮ್ಮನಿದ್ದಳು, ಮಾತು ಹಾಗೆಯೇ ಚೆನ್ನಾಗಿತ್ತು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತನ್ನು ಅವಳು ಇನ್ನೊಮ್ಮೆ ತಿರುಗಿಸಿ ನೋಡಿದಳು. ಅಮ್ಮ ಮಾಡಿದ್ದಲ್ಲ ಎಂದರೆ ಅಮ್ಮ ಅಳಿಸುವಂಥದ್ದೂ ಅಲ್ಲ. ತಾನು ಇಳಿಸಲು ಬಂದ ಕಲ್ಲನ್ನು ಅಮ್ಮ ಮೂರು ತಿಂಗಳಿಂದ ಒಲೆಯ ಗುಂಡು ಮಾಡಿಕೊಂಡು ಅದರ ಮೇಲೆ ದಿನಾ ಏನೋ ಬೇಯಿಸುತ್ತಿದ್ದಳು. ಹೇಳದೆ ಹೋಗಿಬಿಡೋಣ ಎನ್ನಿಸಿತು. ಆದರೆ ಈ ಮನೆಯಲ್ಲಿ ಹೇಳದೆ ಬಿಟ್ಟದ್ದು ಸಾಕಷ್ಟಾಗಿತ್ತು. ಚಪ್ಪಲಿಯನ್ನೂ ಬಿಡದೆ ಹೊಸಿಲಲ್ಲೇ ನಿಂತು ಹೇಳಿದಳು: ಅಮ್ಮ, ನಾನು ಅಂದದ್ದು ತಪ್ಪಾಯಿತು, ಅದು ನೀನು ಮಲಗಿದ್ದರಿಂದ ಬಂದದ್ದಲ್ಲ, ಇವತ್ತು ಗೊತ್ತಾಯಿತು, ನನ್ನ ರಕ್ತವನ್ನೂ ನೋಡಿದೆವು, ಅವನಲ್ಲಿರುವ ಗುರುತು ನನ್ನಲ್ಲೂ ಹಾಗೇ ಇದೆ.

ಅಮ್ಮನ ಕೈ ನಿಂತಿತು. ಮಗಳ ಮುಖವನ್ನು ಅವಳು ಬಹಳ ಹೊತ್ತು ನೋಡಿದಳು, ಕಾಯಿಲೆ ಎಲ್ಲಿದೆ ಎಂದು ಹುಡುಕುವವಳ ಹಾಗೆ. ಮೊದಲು ಹೇಳಿದ್ದೊಂದೂ ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ.

‘ನಿನಗೂ ಇದೆಯಾ?’ ಎಂದಳು. ‘ನಿನ್ನನ್ನೂ ಆಮೇಲೆ ಯಾರೂ ಹತ್ರ ಕರೆದುಕೊಳ್ಳಲಿಲ್ಲ. ಎಂಟು ವರ್ಷದವಳು, ದೊಡ್ಡವಳು ಅಂದ್ಕೊಂಡ್ವಿ.’

ಅದಲ್ಲಮ್ಮ, ಎಂದು ಶುರುಮಾಡಿದಳು. ಗುರುತು ಕೂರುವುದು ಎಂಟನೆಯ ವರ್ಷದಲ್ಲಿ ಅಲ್ಲ ಎಂದು ವಿವರಿಸಬೇಕಿತ್ತು. ಅಲ್ಲ ಎಂದು ಯಾರು ನೋಡಿದ್ದಾರೆ? ಅವಳು ನೋಡಿರಲಿಲ್ಲ. ಆ ವರ್ಷದ ತನ್ನನ್ನು ಯಾವ ತಟ್ಟೆಯ ಯಾವ ಗುಳಿಯಲ್ಲೂ ಅವಳು ಇಟ್ಟು ನೋಡಿರಲಿಲ್ಲ. ಅಮ್ಮ ತಮ್ಮನ ಭುಜ ತಟ್ಟಿ, ಸ್ವಲ್ಪ ಆಚೆ ಸರಿಯೋ, ಎಂದಳು. ತಮ್ಮ ಗೊಣಗದೆ ಒಂದು ತೊಡೆ ಖಾಲಿಮಾಡಿ ಗೋಡೆಯ ಕಡೆಗೆ ಸರಿದ. ಬಾ ಇಲ್ಲಿ, ಎಂದಳು ಅಮ್ಮ. ಐವತ್ತೆರಡು ವರ್ಷದ ಮೈಯನ್ನು ಎಲ್ಲಿ ಹೇಗೆ ಮಡಚಬೇಕೋ ತಿಳಿಯದೆ ಅವಳು ಮೊದಲು ಕೂತಳು, ಆಮೇಲೆ ಒಂದು ಮೊಣಕೈ ಊರಿದಳು, ಕೊನೆಗೆ ತಲೆಯಿಟ್ಟಳು. ತಮ್ಮನ ಉಸಿರು ಮುಖಕ್ಕೆ ಬಡಿಯುವಷ್ಟು ಹತ್ತಿರದಲ್ಲಿತ್ತು. ಅಮ್ಮನ ಕೈ ಅವಳ ಹಣೆಯ ಮೇಲೆ ಬಂದು, ದಾರಿ ಗೊತ್ತಿಲ್ಲದ್ದರಂತೆ ತಡೆದು, ಹಿಂದಕ್ಕೆ ಹೋಯಿತು.

‘ಎಷ್ಟು ದಿನ ಬೇಕಾಗುತ್ತೆ ಅಳಿಸೋಕೆ?’

‘ಗೊತ್ತಿಲ್ಲಮ್ಮ,’ ಎಂದಳು ಅವಳು. ‘ಹೀಗೆಲ್ಲ ಅಳಿಸುತ್ತೋ ಇಲ್ವೋ, ಅದೂ ಗೊತ್ತಿಲ್ಲ.’

ಕೈ ಕತ್ತಿನ ಬಳಿ ಒಂದು ಕ್ಷಣ ನಿಂತು, ಮತ್ತೆ ಹಣೆಗೆ ಬಂತು.

‘ಗೊತ್ತಿಲ್ಲ ಅಂದ್ರೆ ಆಗಲ್ಲ ಅಂತೇನಲ್ವಲ್ಲ,’ ಎಂದಳು ಅಮ್ಮ. ‘ಸುಮ್ಮನೆ ಮಲಗು.’